ಗಾಡಿ ಎತ್ಕೊಂಡು ಹೋಗೋಕೆ ಬಂದ್ರೆ ಮೊದಲು ಲಿಸ್ಟ್ ಕೇಳಿ

ಬಸ್ ಸ್ಟ್ಯಾಂಡ್ ಹಿಂದಿನ ರೋಡಲ್ಲಿ ನಮ್ದು ತರಕಾರಿ ಗಾಡಿ, ಮುಂಚೆ ಅಮ್ಮ ನೋಡ್ಕೋತಿದ್ರು ಈಗ ನಾನು. ಬೀದಿ ಬದಿ ವ್ಯಾಪಾರಿಗಳಿಗೆ ಅಂತಾನೇ ಒಂದು ಕಾಯ್ದೆ ಇದೆ, 2014ರ ಮೇ 1ರಿಂದ ಜಾರಿಯಲ್ಲಿದೆ, ಆದ್ರೆ ನಮ್ಮ ಸಾಲಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಮಾಲು ಎತ್ಕೊಂಡು ಹೋಗೋಕೆ ಬರೋ ಮುನ್ಸಿಪಾಲಿಟಿ ಟ್ರ್ಯಾಕ್ಟರ್ ಸೌಂಡ್ ಕೇಳಿದ ತಕ್ಷಣ ಗಾಡಿ ತಳ್ಕೊಂಡು ಗಲ್ಲಿಗೆ ಓಡೋದೊಂದೇ ಗೊತ್ತಿರೋದು.

ನಾನು ಮೊದಲು ಮಾಡಿದ್ದು ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಹೆಸರು ಸೇರಿಸಿದ್ದು. ಐದು ವರ್ಷಕ್ಕೆ ಒಂದ್ಸಲನಾದ್ರೂ ಸರ್ವೆ ಆಗ್ಲೇಬೇಕು. ಅವರು ಬಂದಾಗ ಗಾಡಿ ಹತ್ರ ನಾವೇ ಇರ್ಬೇಕು, ಫೋಟೋ ಅಲ್ಲೇ ತೆಗೆದ್ರು, ಆಧಾರ್ ಕೇಳಿದ್ರು. ಆಮೇಲೆ ನಾನೇ ಇಲ್ಲಾ ಮನೆಯವರೇ ವ್ಯಾಪಾರ ಮಾಡ್ತೀವಿ, ಬೇರೆ ದುಡಿಮೆ ಇಲ್ಲ, ವ್ಯಾಪಾರ ಮಾಡೋಕೆ ಕೊಡೋ ಸರ್ಟಿಫಿಕೇಟ್ ಯಾರಿಗೂ ಬಾಡಿಗೆಗೆ ಕೊಡಲ್ಲ ಅಂತ ಬರೆದು ಕೊಟ್ಟೆ. ಸರ್ವೆ ಮುಗಿದು ಎಲ್ರಿಗೂ ಸರ್ಟಿಫಿಕೇಟ್ ಕೊಡೋ ತನಕ ಯಾರನ್ನೂ ಎಬ್ಬಿಸೋ ಹಾಗಿಲ್ಲ, ಆ ಕಾಯ್ದೆಯ ಸೆಕ್ಷನ್ 3ರಲ್ಲೇ ಇದೆ.

ಆದ್ರೂ ಒಂದಿನ ಸಂಜೆ ವ್ಯಾಪಾರದ ಟೈಮಲ್ಲೇ ಮುನ್ಸಿಪಾಲಿಟಿಯವ್ರು ಬಂದ್ರು. ಒಬ್ಬ ತಕ್ಕಡಿಗೆ ಕೈ ಹಾಕ್ದ, ಇನ್ನೊಬ್ಬ ಟೊಮೆಟೊ ಕ್ರೇಟ್ ಎತ್ತಿದ. ನಾನು ಜಗಳಕ್ಕೆ ಹೋಗ್ಲಿಲ್ಲ, ಸಾರ್ ಎಬ್ಬಿಸೋಕೆ ಮುಂಚೆ ಕೊಡ್ಬೇಕಾದ 30 ದಿನದ ನೋಟಿಸ್ ಎಲ್ಲಿ ತೋರ್ಸಿ, ತಗೊಂಡ್ ಹೋಗೋದಾದ್ರೆ ಏನೇನು ತಗೊಂಡ್ರಿ ಅಂತ ಲಿಸ್ಟ್ ಬರೆದು ಸೈನ್ ಹಾಕಿ ಕೊಡಿ ಅಂದೆ. "ಯಾವ ಲಿಸ್ಟಮ್ಮಾ?" ಅಂದ್ರು. ಮೊಬೈಲಲ್ಲಿ ಸೆಕ್ಷನ್ 19 ತೆಗೆದು ಮುಂದಿಟ್ಟೆ. ಸ್ವಲ್ಪ ಹೊತ್ತು ಓದಿ ಕೊನೆಗೆ ಎಲೆಕ್ಟ್ರಿಕ್ ತಕ್ಕಡಿ ಒಂದು, ಟೊಮೆಟೊ ಎರಡು ಕ್ರೇಟ್, ಕೊತ್ತಂಬರಿ ಒಂದು ಕಟ್ಟು ಅಂತ ಬರೆದು ಸೈನ್ ಹಾಕಿದ್ರು. ಆ ಚೀಟಿ ಹಿಡ್ಕೊಂಡು ಆಗ್ಲೇ ಆಫೀಸಿಗೆ ಹೋದೆ, ಯಾಕಂದ್ರೆ ಕೊಳೆಯೋ ಮಾಲಾದ್ರೆ ಕೇಳಿದ ದಿನವೇ ವಾಪಸ್ ಕೊಡ್ಬೇಕು, ತಕ್ಕಡಿ ಥರದ್ದಾದ್ರೆ ಎರಡು ವರ್ಕಿಂಗ್ ಡೇ ಒಳಗೆ. ಟೊಮೆಟೊ ಅವತ್ತೇ ಬಂತು, ಅರ್ಧ ನಜ್ಜುಗುಜ್ಜಾಗಿತ್ತು. ತಕ್ಕಡಿ ಆಮೇಲೆ ಸಿಕ್ತು. ಚೀಟಿ ಇಲ್ದೇ ಹೋಗಿದ್ರೆ ನಿನ್ನ ತಕ್ಕಡಿ ಇಲ್ಲಿಗೆ ಬಂದೇ ಇಲ್ಲ ಅಂದಿದ್ರೆ ನಾನೇನ್ ಮಾಡ್ಬೇಕಿತ್ತು ಹೇಳಿ?

ಹಾಗಂತ ಸರ್ಟಿಫಿಕೇಟ್ ಇದ್ರೆ ಎಲ್ಲಿ ಬೇಕಾದ್ರೂ ನಿಲ್ಲಬಹುದು ಅಂತಲ್ಲ. ನೋ ವೆಂಡಿಂಗ್ ಜೋನ್, ಅಂದ್ರೆ ವ್ಯಾಪಾರ ಮಾಡ್ಬಾರ್ದು ಅಂತ ಗುರ್ತು ಮಾಡಿರೋ ಜಾಗದಲ್ಲಿ, ನಿಲ್ಲೋ ಹಾಗಿಲ್ಲ ಅಷ್ಟೇ, ಷರತ್ತು ಮುರಿದ್ರೆ 2000 ರೂಪಾಯಿವರೆಗೂ ದಂಡ ಇದೆ. ಫುಟ್‌ಪಾತ್ ಪೂರ್ತಿ ಮುಚ್ಚಿ ಮಕ್ಳು ವಯಸ್ಸಾದವ್ರು ರೋಡಿಗಿಳಿದು ನಡೆಯೋ ಥರ ಮಾಡೋದು ನನ್ ಪ್ರಕಾರ ತಪ್ಪೇ, ನಮ್ಮವ್ರಿಗೂ ಅದನ್ನೇ ಹೇಳ್ತೀನಿ.

ಸರ್ಟಿಫಿಕೇಟ್ ಇದ್ದಿದ್ರಿಂದ ಬೀದಿ ವ್ಯಾಪಾರಿಗಳಿಗೆ ಅಂತ ಇರೋ ಕೇಂದ್ರ ಸರ್ಕಾರದ ಸ್ವನಿಧಿ ಸಾಲಕ್ಕೂ ಅಲೆದಾಟ ಕಮ್ಮಿ ಆಯ್ತು, ಆಗ ಮೊದಲ ಕಂತು 10,000 ಕೊಡ್ತಿದ್ರು, ಅದ್ರಲ್ಲಿ ಗಾಡಿಗೆ ಹೊಸ ಟೈರ್ ಹಾಕಿಸ್ದೆ. ತಿಂಡಿ ಗಾಡಿಯವ್ರು ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಬೇಕಾ ಅಂತಾನೂ ಕೇಳಿ ತಿಳ್ಕೊಳ್ಳಿ.

ಜಾಗ ಗುರ್ತು ಮಾಡೋ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಮ್ಮಿ ಅಂದ್ರೂ 40 ಪರ್ಸೆಂಟ್ ವ್ಯಾಪಾರಿಗಳೇ ಇರ್ಬೇಕು, ಅದೂ ಎಲೆಕ್ಷನ್ನಲ್ಲಿ ಗೆದ್ದು, ಅದ್ರಲ್ಲಿ ಮೂರನೇ ಒಂದು ಭಾಗ ಹೆಂಗಸ್ರು. ಮುಂದಿನ ಸಲ ನಮ್ಮ ರೋಡಿಂದ ಹೂವಿನ ಅಕ್ಕನ್ನ ನಿಲ್ಲಿಸೋಣ ಅಂತ ಮಾತಾಡ್ಕೊಂಡಿದೀವಿ.