ಇಂಗಿಸುವ ನೀರು, ಹರಿಯಬಿಡುವ ನೀರು

ನಮ್ಮದು ಮಡಿಕೇರಿಯಿಂದ ಉತ್ತರಕ್ಕೆ, ಮುಕ್ಕೋಡ್ಲು ಕಡೆಯ ಬೆಟ್ಟದಲ್ಲಿ ಆರು ಎಕರೆ ಕಾಫಿ ತೋಟ. ಮೇಲೆ ಇಳಿಜಾರು, ಮಧ್ಯೆ ಮನೆ, ಕೆಳಗೆ ಒಂದಿಷ್ಟು ಗದ್ದೆ, ಅದರಾಚೆ ತೋಡು, ಅಂದರೆ ಸಣ್ಣ ಹಳ್ಳ.

2016ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಮಾರ್ಚಿಗೇ ತೋಡು ಬತ್ತಿತು, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲೂ ನೀರಿಲ್ಲ. ಎಲ್ಲಿ ಹೋದರೂ ಇಂಗುಗುಂಡಿಯದೇ ಮಾತು. ನಾನೂ ಜೆಸಿಬಿ ಹತ್ತಿಸಿದೆ. ತೋಟದ ನೆತ್ತಿಯಲ್ಲಿ ಒಂದು ಕೆರೆ, ಅದರ ಕೆಳಗೆ ಇಳಿಜಾರಿನುದ್ದಕ್ಕೂ ನಲವತ್ತು ಗುಂಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯ ನೀರು ಮೇಲೆ ಬಂತು. ತುಂಬಾ ಖುಷಿಯಾಗಿತ್ತು.

2018ರಲ್ಲಿ ಜೂನ್‌ನಿಂದಲೇ ಮಳೆ ಬಿಡಲಿಲ್ಲ. ಆಗಸ್ಟ್ ಎರಡನೇ ವಾರಕ್ಕೆ ಮಣ್ಣು ನೀರು ಕುಡಿದು ಕುಡಿದು ಸಾಕಾಗಿತ್ತು. 15ರ ಸಂಜೆ ಮನೆಯ ಹಿಂದೆ ಗುಡ್ಡ ಕಡಿದ ಬರೆಯಿಂದ ಇಳಿಯುವ ಉಜಿರು, ಅಂದರೆ ಮಳೆಗಾಲದ ಒಸರು ನೀರು, ಕೆಂಪಾಯಿತು. ಅದು ಪ್ರತಿ ವರ್ಷ ಬರುವ ನೀರು, ಯಾವಾಗಲೂ ತಿಳಿಯಾಗಿರುತ್ತದೆ. ಅಮ್ಮ ನೋಡಿ, "ಇದು ಸರಿಯಿಲ್ಲ ಮಗಾ, ಹಸು ಬಿಚ್ಚು" ಅಂದರು. ಅಡುಗೆಮನೆ ಬಾಗಿಲು ಹಾಕಲು ಬರುತ್ತಿರಲಿಲ್ಲ, ಚೌಕಟ್ಟು ವಾಲಿತ್ತು. ಕತ್ತಲಾಗುವ ಮೊದಲೇ ನಾವು ದೊಡ್ಡಪ್ಪನ ಮನೆಗೆ ಹೋದೆವು. 17ರ ಬೆಳಗಿನ ಜಾವ ಗುಡ್ಡ ಇಳಿಯಿತು. ನಾನು ತೆಗೆಸಿದ ಕೆರೆಯ ಅಂಚಿನಿಂದಲೇ ಶುರುವಾಗಿ ಒಂದೂವರೆ ಎಕರೆ ಕಾಫಿ, ಮರಗಳ ಸಮೇತ ತೋಡಿಗೆ ಹೋಯಿತು. ಮನೆ ಉಳಿಯಿತು. ಮಕ್ಕಂದೂರು, ಜೋಡುಪಾಲದ ಕಡೆ ಎಷ್ಟೋ ಮನೆಯವರಿಗೆ ಅಷ್ಟೂ ಉಳಿಯಲಿಲ್ಲ.

ಆಮೇಲೆ ತುಂಬಾ ದಿನ ನನ್ನನ್ನು ಕಾಡಿದ್ದು ಆ ಗುಂಡಿಗಳು. ನಮ್ಮ ಬೆಟ್ಟದಲ್ಲಿ ಬಂಡೆಯ ಮೇಲೆ ಹತ್ತಾರು ಅಡಿ ಮೆತ್ತನೆಯ ಮಣ್ಣಿದೆ. ಇಂಗಿದ ನೀರು ಬಂಡೆಯವರೆಗೆ ಇಳಿಯುತ್ತದೆ, ಮುಂದೆ ದಾರಿ ಇಲ್ಲದೆ ಅಲ್ಲೇ ತುಂಬುತ್ತದೆ. ಮಣ್ಣಿನ ಭಾರ ಹೆಚ್ಚುತ್ತದೆ, ಕಣಕಣದ ನಡುವಿನ ಹಿಡಿತ ಸಡಿಲವಾಗುತ್ತದೆ. ಕೆಳಗೆ ರಸ್ತೆಗೋ ಮನೆಗೋ ಬರೆ ಕಡಿದಿದ್ದರೆ ಆಸರೆಯೂ ಹೋಯಿತು. ಬಯಲುಸೀಮೆಗೆ ವರವಾದ ಇಂಗುಗುಂಡಿ ಕಡಿದಾದ ಇಳಿಜಾರಿನಲ್ಲಿ ಅಪಾಯ ಅನ್ನುವುದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ, ಉಳಿದ ಗುಂಡಿಗಳನ್ನೆಲ್ಲ ಮುಚ್ಚಿ ಗುದ್ದಿ ಗಟ್ಟಿ ಮಾಡಿದ್ದು. ನೆಲದಲ್ಲಿ ಬಿರುಕು ಕಂಡಲ್ಲಿ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲು ಹಾಸಿ, ಮಳೆನೀರು ಒಳಗೆ ಹೋಗದಂತೆ ಮಾಡಿದೆ. ಬಿರುಕನ್ನು ಹಾಗೇ ಬಿಟ್ಟರೆ ಗುಡ್ಡದ ಹೊಟ್ಟೆಗೆ ನೇರ ಪೈಪು ಇಟ್ಟ ಹಾಗೆ.

ಮುಂದಿನ ಕೆಲಸ ಕಣಿ, ಅಂದರೆ ನೀರು ಹರಿದುಹೋಗುವ ಕಾಲುವೆ. ನಮ್ಮ ಅಜ್ಜನ ಕಾಲದಲ್ಲಿ ತೋಟದ ತುಂಬ ಉಜಿರುಕಣಿಗಳಿದ್ದವು. ಕೂಲಿ ಜಾಸ್ತಿಯಾಗಿ ವರ್ಷ ವರ್ಷ ಬಿಡಿಸುವುದು ನಿಂತು ಅವೆಲ್ಲ ಮುಚ್ಚಿಹೋಗಿದ್ದವು. 2019ರ ಜೂನ್‌ನಲ್ಲಿ ಜೋರು ಮಳೆ ಬಂದ ದಿನಗಳಲ್ಲೆಲ್ಲ ಕೊಡೆ ಹಿಡಿದು ಬೆಟ್ಟ ಸುತ್ತಿದೆ. ನೀರು ಎಲ್ಲಿ ಏಳುತ್ತದೆ, ಎಲ್ಲಿ ಸೇರುತ್ತದೆ, ಎಲ್ಲಿ ಮಾಯವಾಗುತ್ತದೆ ನೋಡಿ ಗೂಟ ಹೊಡೆದೆ. ಬೇಸಗೆಯಲ್ಲಿ ನಿಂತು ಲೆಕ್ಕ ಹಾಕಿದರೆ ಇದು ಗೊತ್ತಾಗುವುದಿಲ್ಲ. ಅಗೆಯುವ ಕೆಲಸ ಮಳೆಗಾಲ ಮುಗಿದ ಮೇಲೆ. ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು ನೂರು ಅಡಿಗೆ ಒಂದು ಅಡಿ ಇಳಿಯುವಂತೆ ಅಡ್ಡಕಣಿ ತೆಗೆದೆವು. ಅದಕ್ಕಿಂತ ಜಾಸ್ತಿ ಇಳಿಜಾರು ಕೊಟ್ಟರೆ ಕಣಿಯೇ ಕೊರೆದು ಹೋಗುತ್ತದೆ. ಕಡಿಮೆ ಕೊಟ್ಟರೆ ನೀರು ನಿಂತು ಇಂಗುತ್ತದೆ. ತಿರುವು ಇರುವಲ್ಲಿ ಕಲ್ಲು ಕಟ್ಟಿದೆವು.

ಒಂದು ತಪ್ಪು ಮಾಡಿದೆ. ಮೊದಲನೇ ಕಣಿಯ ಬಾಯಿಯನ್ನು ನಮ್ಮ ಗಡಿಯಲ್ಲಿ ಬಿಟ್ಟುಬಿಟ್ಟೆ. ಮರುವರ್ಷ ಆ ನೀರು ಪಕ್ಕದ ತೋಟದ ಇಳಿಜಾರನ್ನು ಸೀಳಿತು. ಅಲ್ಲಿಯ ಅಕ್ಕ ಬಂದು, "ನಿನ್ನ ಗುಡ್ಡ ಉಳಿಸೋಕೆ ನನ್ನ ಗುಡ್ಡ ಕೆಡವ್ತೀಯಾ ತಮ್ಮಾ?" ಅಂದರು. ಅವರ ಮಾತು ಸರಿಯಿತ್ತು. ಆ ಕೊರಕಲನ್ನು ನನ್ನ ಖರ್ಚಿನಲ್ಲೇ ಕಲ್ಲು ಹಾಕಿ ಮುಚ್ಚಿಸಿದೆ. ಅಲ್ಲಿಂದಾಚೆ ಐದು ತೋಟದವರು ಕೂತು ಮಾತಾಡಿ, ಎಲ್ಲರ ಕಣಿಯೂ ಬಂಡೆಯ ತಳವಿರುವ ಒಂದೇ ತೋಡಿಗೆ ಸೇರುವಂತೆ ಮಾಡಿಕೊಂಡೆವು. ಬೆಟ್ಟದ ನೀರಿಗೆ ಸರ್ವೆ ಕಲ್ಲು ಕಾಣುವುದಿಲ್ಲ, ಅಲ್ವಾ? ಒಬ್ಬರೇ ಮಾಡುವ ಕೆಲಸ ಇದಲ್ಲ. ಪ್ರತಿ ಮೇ ತಿಂಗಳಲ್ಲಿ ಐದೂ ಮನೆಯವರು ಸೇರಿ ಕಣಿ ಬಿಡಿಸುತ್ತೇವೆ.

ಮನೆಯ ಹಿಂದಿನ ಬರೆಗೆ ಕಟ್ಟಿಸಿದ ತಡೆಗೋಡೆ ಒಂದೇ ಮಳೆಗಾಲಕ್ಕೆ ಹೊಟ್ಟೆ ಬಿಟ್ಟಿತು. ಗೋಡೆ ದಪ್ಪವೇ ಇತ್ತು, ಆದರೆ ನೀರು ಹೊರಗೆ ಬರಲು ತೂತು ಇರಲಿಲ್ಲ. ಕೆಡವಿ, ಹಿಂಬದಿಗೆ ಒಂದೂವರೆ ಅಡಿ ಅಗಲ ಬೋಲ್ಡರ್ ಕಲ್ಲು ತುಂಬಿ, ಐದೈದು ಅಡಿಗೆ ಪಿವಿಸಿ ಪೈಪು ಇಟ್ಟು ಮತ್ತೆ ಕಟ್ಟಿಸಿದೆ. ಈಗ ಜುಲೈನಲ್ಲಿ ಆ ಪೈಪುಗಳಿಂದ ನೀರು ಸುರಿಯುತ್ತದೆ. ನೀರು ತಿಳಿಯಾಗಿದೆಯಾ, ಕೆಂಪಾಗಿದೆಯಾ ಅಂತ ಅಮ್ಮ ಬೆಳಿಗ್ಗೆ ಎದ್ದು ನೋಡುವುದು ಅದನ್ನೇ. ಬರೆಯ ಮೇಲೆ ಲಾವಂಚ ನೆಟ್ಟಿದ್ದೇವೆ. ಜರಿದ ಜಾಗದಲ್ಲಿ ಕಾಫಿ ಹಾಕದೆ ಅತ್ತಿ, ಹಲಸು, ನೇರಳೆ ಬಿಟ್ಟಿದ್ದೇವೆ. ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ, ಇಪ್ಪತ್ತು ಅಡಿ ಆಳದಲ್ಲಿ ಜಾರುವುದನ್ನು ಹಿಡಿಯಲಾರದು. ಗಿಡ ನೆಟ್ಟೆವು, ಇನ್ನು ಭಯವಿಲ್ಲ ಅಂತ ಯಾರೂ ಅಂದುಕೊಳ್ಳಬಾರದು.

ಹಾಗಾದರೆ ಬೇಸಗೆಗೆ ನೀರು? ಅದಕ್ಕೆ ಉತ್ತರ ಕೆಳಗೇ ಇತ್ತು. ಹತ್ತು ವರ್ಷದಿಂದ ಪಾಳು ಬಿಟ್ಟಿದ್ದ ಗದ್ದೆಯನ್ನು ಮತ್ತೆ ಹೂಡಿದೆ. ಸಮತಟ್ಟು ಜಾಗ, ಬದು ಕಟ್ಟಿದರೆ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ, ಇಂಗುತ್ತದೆ, ಯಾರ ಮನೆ ಮೇಲೂ ಬೀಳುವುದಿಲ್ಲ. ಗದ್ದೆಯ ಮೂಲೆಯಲ್ಲಿ ಸಣ್ಣ ಕೆರೆ ತೆಗೆದು ಅಲ್ಲಿಂದ ಮೇಲಕ್ಕೆ ಪಂಪ್ ಮಾಡುತ್ತೇನೆ. ಡೀಸೆಲ್ ಖರ್ಚು ಇದೆ, ಭತ್ತದಲ್ಲಿ ಲಾಭ ಅಷ್ಟಕ್ಕಷ್ಟೇ. ಆದರೆ 2023ರ ಬರದ ನಂತರದ ಬೇಸಗೆಯಲ್ಲೂ ಬಾವಿ ಬತ್ತಲಿಲ್ಲ.

ಇನ್ನು ಮಳೆ ಅಳೆಯುವ ವಿಷಯ. ಕೊಡಗಿನ ತೋಟಗಾರರಿಗೆ ಇದು ಹಳೆಯ ರೂಢಿ, ನಾವು ಈಗಲೂ ಇಂಚು, ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಹೇಳುವುದು. ಅಜ್ಜನ ಪುಸ್ತಕಗಳು ಮನೆಯಲ್ಲಿವೆ. ಅಳೆಯುತ್ತಿದ್ದೆವು ನಿಜ, ಆದರೆ ಅಳೆದು ಏನೂ ಮಾಡುತ್ತಿರಲಿಲ್ಲ. ಸರ್ಕಾರದ ಮಳೆಮಾಪಕ ಪಂಚಾಯಿತಿಗೆ ಒಂದು ಇದೆ. ಒಂದೇ ಬೆಟ್ಟದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮೂರು ಇಂಚು ವ್ಯತ್ಯಾಸ ಬಂದದ್ದನ್ನು ನಾನೇ ನೋಡಿದ್ದೇನೆ. ಈಗ ಹನ್ನೊಂದು ಮನೆಯವರು ಬೆಳಿಗ್ಗೆ ಎಂಟೂವರೆಗೆ ಅಳೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ನಾವೇ ಒಂದು ಕಟ್ಟು ಮಾಡಿಕೊಂಡಿದ್ದೇವೆ: ಎರಡು ದಿನದಲ್ಲಿ ಹತ್ತು ಇಂಚು ದಾಟಿದರೆ ಬರೆಯ ಕೆಳಗಿನ ನಾಲ್ಕು ಮನೆಯವರು ಸಂಜೆ ನಾಲ್ಕರೊಳಗೆ ಶಾಲೆಗೆ ಬರಬೇಕು. ಕೆಂಪು ನೀರು, ಹೊಸ ಬಿರುಕು, ವಾಲಿದ ಮರ, ಮಳೆ ಸುರಿಯುತ್ತಿದ್ದರೂ ತಟ್ಟನೆ ಸೊರಗಿದ ತೋಡು, ಇವುಗಳಲ್ಲಿ ಒಂದು ಕಂಡರೂ ಅಳತೆಗೆ ಕಾಯುವಂತಿಲ್ಲ. ಹತ್ತು ಇಂಚು ಅನ್ನುವುದು ನಮ್ಮ ಅನುಭವದ ಲೆಕ್ಕ, ಎಲ್ಲ ಬೆಟ್ಟಕ್ಕೂ ಅದೇ ಅಲ್ಲ.

ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳನ್ನು ಜನರ ಜೊತೆ ಸೇರಿ ನಡೆಸುತ್ತಿದೆ. 2024ರ ಜುಲೈ 30ರಂದು ಅಲ್ಲಿಯ ಮುಂಡಕ್ಕೈ, ಚೂರಲ್‌ಮಲ ಊರುಗಳು ಗುಡ್ಡ ಜರಿದು ಮಣ್ಣು ಪಾಲಾದಾಗ, ಅದರ ಹಿಂದಿನ ದಿನವೇ ಅವರು ಎಚ್ಚರಿಕೆ ಕೊಟ್ಟಿದ್ದರು ಎಂದು ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಳೆಯುವವರಿಂದ ಮಲಗಿದವರ ಬಾಗಿಲವರೆಗಿನ ಆ ಕೊನೆಯ ದಾರಿ ಎಷ್ಟು ಉದ್ದ! ಅದಕ್ಕೇ ನಮ್ಮಲ್ಲಿ ಮೆಸೇಜ್ ಹಾಕಿ ಸುಮ್ನೆ ಕೂರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮನೆ ಹಂಚಿದ್ದೇವೆ, ಹೋಗಿ ಕರೆದುಕೊಂಡೇ ಬರಬೇಕು. ಎರಡು ಸಲ ಎಲ್ಲರನ್ನೂ ಕರೆತಂದೆವು, ಎರಡು ಸಲವೂ ಏನೂ ಆಗಲಿಲ್ಲ. ಮೂರನೇ ಸಲ ಒಬ್ಬರು ಮಾವ ಬರಲು ಒಪ್ಪಲಿಲ್ಲ. "ಹಸುವಿಗೆ ಯಾರು ಹುಲ್ಲು ಹಾಕ್ತಾರೆ?" ಅಂದರು. ಈಗ ಶಾಲೆಯ ಹಿಂದೆ ಎಂಟು ಹಸು ಕಟ್ಟುವಷ್ಟು ಶೆಡ್ ಹಾಕಿದ್ದೇವೆ. ಅವರೂ ಬರುತ್ತಾರೆ.

ಜರಿದ ಜಾಗದ ನೆತ್ತಿಯಲ್ಲಿ ನನ್ನ ಹಳೆಯ ಕೆರೆಯ ಅರ್ಧ ಭಾಗ ಇನ್ನೂ ಹಾಗೇ ಇದೆ. ಮಣ್ಣು ಸಡಿಲವಾದ್ದರಿಂದ ಅಲ್ಲಿಗೆ ಯಂತ್ರ ಹತ್ತಿಸಲು ಧೈರ್ಯವಿಲ್ಲ. ನೀರು ನಿಲ್ಲದಂತೆ ಒಂದು ಬದಿ ಕಡಿದು ಕಣಿಗೆ ಸೇರಿಸಿದ್ದೇನೆ. ಫೆಬ್ರವರಿಯಲ್ಲಿ ಕೊಯ್ಲು ಮುಗಿದ ಮೇಲೆ ಗುದ್ದಲಿ, ಬುಟ್ಟಿ ಹಿಡಿದು ಕೈಯಲ್ಲೇ ತುಂಬಿಸಬೇಕು. ಐದೂ ಮನೆಯವರು ಬರುತ್ತೇವೆ ಅಂದಿದ್ದಾರೆ.