ಗಾಯರಾಣದ ಹುಲ್ಲಿಗೆ ಸಂಶೋಧನಾ ಹಣ ಹುಟ್ಟಿಸಿದ್ದು ಹೀಗೆ

ಬೆಳಗಾವಿ ಊರಂಚಿನ ಗಾಯರಾಣಕ್ಕೆ, ಅಂದರೆ ಗೋಮಾಳದ ಹುಲ್ಲುಗಾವಲಿಗೆ, ಯಾರೂ ಫಂಡ್ ಕೊಡೋದಿಲ್ಲ, ಭೀಮಗಡ ಅಭಯಾರಣ್ಯದ ಕಡೆ ವಿಷಯ ಹಿಡಿ ಅಂದವರೇ ಹೆಚ್ಚು. ಲೇಔಟ್ ಕಲ್ಲು ನೆಟ್ಟ ಜಾಗಕ್ಕೆ ಪಿಎಚ್‌ಡಿ ಯಾಕೆ ಅಂತ ನಕ್ಕವರೂ ಇದ್ದರು. ನನ್ನ ಮೂರನೇ ಅರ್ಜಿಗೆ ಹಣ ಬಂತು: ಹದಿನೆಂಟು ತಿಂಗಳಿಗೆ ಹತ್ತಿರಹತ್ತಿರ 1.9 ಲಕ್ಷ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಶಿಷ್ಯವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ಸಿಗುತ್ತದೆ, ಅವರಿಗೆ ಈ ಗೋಳು ಅರ್ಧ. ಈ ಬರಹ ಅದಿಲ್ಲದವರಿಗೆ.

ಮೊದಲ ಅರ್ಜಿ ಸುಮಾರು 4.8 ಲಕ್ಷದ್ದು, ಅರ್ಧಕ್ಕಿಂತ ಹೆಚ್ಚು ಉಪಕರಣ. ಬಿತ್ತು. ಎರಡನೆಯದರಲ್ಲಿ ಕ್ಯಾಮೆರಾ ಟ್ರ್ಯಾಪ್ ತೆಗೆದರೂ ‘ಜಾಗ ಯಾರದು, ನಿಮ್ಮ ಹುಲ್ಲಿನ ಪಟ್ಟಿ ಯಾರ ಕೈಗೆ ಹೋಗುತ್ತದೆ’ ಅನ್ನೋದಕ್ಕೆ ಉತ್ತರವೇ ಇರಲಿಲ್ಲ.

ಉತ್ತರ ಇದ್ದದ್ದು ಪಹಣಿಯಲ್ಲಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆಗೆದು, ಪಹಣಿ ತೆರೆದು, ಪ್ರತಿ ತುಂಡನ್ನೂ ಗಾಯರಾಣ, ಬಿ ಖರಾಬು, ಖಾಸಗಿ ಅಂತ ಬೇರ್ಪಡಿಸಬೇಕು. 3ನೇ ಕಾಲಂನ ಎ ಮತ್ತು ಬಿ ಖರಾಬು ಒಂದೇ ಅಂತ ಕೂಡಿಸಿ ವಾರದ ಕೆಲಸ ಕೆಟ್ಟಿತು. ಎ ಅಂದರೆ ಸಾಗುವಳಿಗೆ ಬಾರದ ನೆಲ, ಬಿ ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ನೆಲ. ಫೋನಿನ ಗಡಿಗೆರೆ ಕೆಲವು ಮೀಟರ್ ಸರಿಯುತ್ತದೆ, ಹಾಗಾಗಿ ಗಡಿಯಿಂದ ಒಳಕ್ಕೆ 20 ಮೀಟರ್ ಬಿಟ್ಟೇ ಕ್ವಾಡ್ರಾಟ್ (ಹುಲ್ಲು ಎಣಿಸುವ ಚೌಕ) ಹಾಕಿ. ಸರ್ವೆ ನಂಬರ್‌ವಾರು ಹುಲ್ಲಿನ ಪಟ್ಟಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಗೆ ಸೇರಿಸುತ್ತೇನೆ ಅಂತ ಮೂರನೇ ಅರ್ಜಿಯಲ್ಲಿ ಬರೆದೆ. 2002ರ ಜೀವವೈವಿಧ್ಯ ಕಾಯ್ದೆಯ ಸಮಿತಿ ಅದು, ಕಾಗದದ ಮೇಲಾದರೂ ಇದ್ದೇ ಇರುತ್ತದೆ. ಅರ್ಜಿಯ ಮೊದಲ ಪ್ಯಾರಾ ಹೇಗಿತ್ತು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಹಣ ಬರುವ ತಿಂಗಳು ಮೊತ್ತಕ್ಕಿಂತ ದೊಡ್ಡದು. ತೆನೆ ಇಲ್ಲದೆ ಹುಲ್ಲು ಗುರುತು ಹಿಡಿಯೋದು ಕಷ್ಟ, ತೆನೆ ಸಿಗೋದು ಸೆಪ್ಟೆಂಬರ್‌ನಿಂದ ನವೆಂಬರ್. ಡಿಸೆಂಬರ್‌ನಲ್ಲಿ ಕಂತು ಬಂದರೆ ಒಣಕಡ್ಡಿ ಎಣಿಸಬೇಕು. ಫೆಬ್ರುವರಿ ದಾಟಿದರೆ ಬೆಂಕಿ ಬಿದ್ದು ಅದೂ ಇಲ್ಲ. ಅರ್ಜಿ ಹಿಂದಿನ ಚಳಿಗಾಲದಲ್ಲೇ ಹೋಗಬೇಕು.

ಬ್ರಿಟನ್ನಿನ ರಫರ್ಡ್ ಫೌಂಡೇಶನ್‌ನಂಥ ವಿದೇಶಿ ಹಣ ನೋಡುವವರು ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ವಿಷಯ ಕೇಳಿಕೊಳ್ಳಿ. 2020ರ ತಿದ್ದುಪಡಿ ಆದಮೇಲೆ ಒಂದು ಸಂಸ್ಥೆ ಪಡೆದು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಐಡಿಯಾ ವೈಲ್ಡ್ ಅನ್ನೋ ಸಂಸ್ಥೆಯವರು ದುಡ್ಡಲ್ಲ, ಉಪಕರಣವನ್ನೇ ಕೊಡುತ್ತಾರೆ.

ಖರ್ಚಿನಲ್ಲಿ ಪೆಟ್ರೋಲು ಮತ್ತು ಸಹಾಯಕರ ದಿನಗೂಲಿಯೇ ಮುಕ್ಕಾಲು. ಬಂಕಿನ ಥರ್ಮಲ್ ಬಿಲ್ಲು ಮೂರ್ನಾಲ್ಕು ತಿಂಗಳಿಗೆ ಬಿಳಿ ಹಾಳೆ ಆಗುತ್ತದೆ. ಸುಮಾರು 6,000 ಹಾಗೇ ಕೈಬಿಟ್ಟಿತು. ಅದೇ ದಿನ ಝೆರಾಕ್ಸ್ ತೆಗೆದು ಗಾಡಿ ನಂಬರ್ ಬರೆಯಿರಿ. 5,000 ದಾಟಿದ ರಸೀದಿಗೆ 1 ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಬೇಕು. ಅದಿಲ್ಲದೆ ಬಳಕೆ ಪ್ರಮಾಣಪತ್ರ ವಾಪಸ್ ಬಂದು ಎರಡನೇ ಕಂತು ಎರಡು ತಿಂಗಳು ನಿಂತಿತು.

ನಡುವೆ ಒಂದು ಹುಚ್ಚು: ಹಳೇ ಫೋನನ್ನು ಟಿಫಿನ್ ಡಬ್ಬಿಯಲ್ಲಿಟ್ಟು ರಾತ್ರಿ ಹಕ್ಕಿಗಳ ದನಿ ಹಿಡಿದದ್ದು. ಮೋನೋ ವೇವ್ ಫೈಲ್ ನಿಮಿಷಕ್ಕೆ 5 ಎಂಬಿ, ಗಂಟೆಗೆ ಹತ್ತು ನಿಮಿಷ ಸಾಕು. ಮಳೆ ಬಿದ್ದರೆ ಮುಚ್ಚಳ ತಮಟೆ ಆಗುತ್ತದೆ. ಮೇಲೆ ತೆಂಗಿನ ನಾರು ಹೊದಿಸಿದರೆ ಅಷ್ಟಿಷ್ಟು ತಗ್ಗುತ್ತದೆ.

ಕ್ವಾಡ್ರಾಟ್ ಮೂಲೆಗೆ ಕಬ್ಬಿಣದ ಸರಳು ಬೇಡ, ವಾರದಲ್ಲಿ ಗುಜರಿಗೆ ಹೋಗುತ್ತದೆ. ನಾಲ್ಕಿಂಚಿನ ಮೊಳೆಗೆ ವಾಷರ್ ಹಾಕಿ ನೆಲಮಟ್ಟಕ್ಕೆ ಹೊಡೆಯಿರಿ. ಜಂಬಿಟ್ಟಿಗೆ ನೆಲದಲ್ಲಿ ಬಾಗುತ್ತದೆ, ಮೊದಲು ಉಳಿಯಿಂದ ತೂತು ಮಾಡಿ. ಮುಂದಿನ ವರ್ಷ ಅದನ್ನ ಹುಡುಕೋ ಉಪಾಯ ಬರೆಯೋದಿಲ್ಲ, ಬರೆದರೆ ಮೊಳೆಯೂ ಗುಜರಿಗೇ.