ಕುರ್ಚಿ ಆಮೇಲೆ, ಮೊದಲು ಟೇಬಲ್ ಅಳೆಯಿರಿ

ಮನೆಯಲ್ಲಿ ಆಫೀಸ್ ಕೆಲಸಕ್ಕೆ ಜಾಗ ಮಾಡಿಕೊಳ್ಳುವವರು ಮೊದಲು ದುಡ್ಡು ಸುರಿಯುವುದು ಕುರ್ಚಿಗೆ. ದುಬಾರಿ ಕುರ್ಚಿ ಬರುತ್ತದೆ, ಅದನ್ನು ಊಟದ ಟೇಬಲ್ ಮುಂದೆ ಎಳೆದುಕೊಂಡು ಕೂರುತ್ತಾರೆ, ಸ್ವಲ್ಪ ದಿನಕ್ಕೆ ಭುಜ ಹಿಡಿದುಕೊಳ್ಳುತ್ತದೆ, ಆಮೇಲೆ ಕುರ್ಚಿಗೆ ಬೈಗುಳ. ಪಾಪ, ಕುರ್ಚಿ ಏನು ಮಾಡೀತು?

ನಮ್ಮಲ್ಲಿ ಸಿಗುವ ಟೇಬಲ್‌ಗಳು ಹೆಚ್ಚುಕಡಿಮೆ 29-30 ಇಂಚು ಎತ್ತರ. ನಾನಿರುವುದು 5 ಅಡಿ 2 ಇಂಚು. ಪಾದ ನೆಲಕ್ಕೆ ಊರಿ, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ ಕೂತೆ. ನೆಲದಿಂದ ಮೊಣಕೈವರೆಗೆ ಮಗಳು ಟೇಪ್ ಹಿಡಿದಳು: 25 ಇಂಚು. ನನ್ನ ಟೇಬಲ್ 30. ಅಂದರೆ ಟೈಪ್ ಮಾಡುವಷ್ಟು ಹೊತ್ತೂ ಭುಜ ಎತ್ತಿಕೊಂಡೇ ಇರಬೇಕು. ನೋವು ಬರದೆ ಇನ್ನೇನು?

ಅದಕ್ಕೇ ಟೇಬಲ್ ಕಾಲು ಕುಯ್ಯಿಸಿದೆ. 5 ಇಂಚು, ಕೀಬೋರ್ಡ್ ದಪ್ಪಕ್ಕೆ ಇನ್ನರ್ಧ. ಕಾರ್ಪೆಂಟರ್‌ಗೆ ನಂಬಿಕೆಯೇ ಇಲ್ಲ. "ಮೇಡಂ, ಕುಯ್ದ ಮೇಲೆ ಮತ್ತೆ ಅಂಟಿಸಕ್ಕಾಗಲ್ಲ" ಅಂತ ಪೆನ್ಸಿಲ್ ಗುರುತು ಹಾಕುವಾಗ ಒಮ್ಮೆ, ಗರಗಸ ಎತ್ತಿಕೊಳ್ಳುವಾಗ ಇನ್ನೊಮ್ಮೆ ಹೇಳಿದ. ಕೆಳಗಿದ್ದ ಡ್ರಾಯರನ್ನೂ ಬಿಚ್ಚಿಸಿದೆ, ಇಲ್ಲದಿದ್ದರೆ ತೊಡೆಗೆ ತಾಗುತ್ತದೆ. ಉಳಿದ ನಾಲ್ಕು ತುಂಡುಗಳ ಮೇಲೆ ಒಂದು ಪ್ಲೈವುಡ್ ಹಲಗೆ ಹೊಡೆಸಿದೆ. ಲ್ಯಾಪ್‌ಟಾಪ್ ಸ್ಟ್ಯಾಂಡ್ ರೆಡಿ.

ಬಾಡಿಗೆ ಮನೆ, ಓನರ್ ಟೇಬಲ್, ಗರಗಸ ಹಾಕುವ ಹಾಗಿಲ್ಲ ಅನ್ನುವವರು ಕುರ್ಚಿಯನ್ನೇ ಎತ್ತರಿಸಿಕೊಳ್ಳಿ. ಆಗ ಕಾಲಡಿಗೆ ಏನಾದರೂ ಬೇಕೇ ಬೇಕು. ಪಾದ ನೇತಾಡಿದರೆ ಸೀಟಿನ ಅಂಚು ತೊಡೆಯ ಹಿಂಭಾಗಕ್ಕೆ ಒತ್ತಿ ಜೋಮು ಹಿಡಿಯುತ್ತದೆ. ಅಂಗಡಿಯಿಂದ ಫುಟ್‌ರೆಸ್ಟ್ ತರಬೇಕಿಲ್ಲ, ಊಟಕ್ಕೆ ಕೂರುವ ಹಳೇ ಮಣೆ ಸಾಕು, ತಗ್ಗಾದರೆ ಎರಡು ಇಡಿ.

ಲ್ಯಾಪ್‌ಟಾಪ್ ವಿಷಯದಲ್ಲಿ ಜನ ಅರ್ಧ ಕೆಲಸ ಮಾಡಿ ನಿಲ್ಲಿಸುತ್ತಾರೆ. ಸ್ಟ್ಯಾಂಡ್ ತರುತ್ತಾರೆ, ಬೇರೆ ಕೀಬೋರ್ಡ್ ತರುವುದಿಲ್ಲ. ಕತ್ತು ನೆಟ್ಟಗಾಯ್ತು ಸರಿ, ಕೈ ಮಾತ್ರ ಗಾಳಿಯಲ್ಲಿ. ಎರಡೂ ಜೊತೆಗೇ ಬರಬೇಕು. ಕೀಬೋರ್ಡ್ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಯೇ ಇಡಿ, ಬಿಚ್ಚಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ.

ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಹಾಗೆ ಪ್ರೋಗ್ರೆಸಿವ್ ಕನ್ನಡಕ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು) ಹಾಕುವವರಿಗೆ ಇದು ಅಷ್ಟು ಸರಿಹೋಗುವುದಿಲ್ಲ. ಹತ್ತಿರದ್ದನ್ನು ನೋಡುವುದು ಗಾಜಿನ ಕೆಳಭಾಗದಿಂದ ತಾನೆ, ಸ್ಕ್ರೀನ್ ಮೇಲಿದ್ದರೆ ಗೊತ್ತಿಲ್ಲದೆ ಗದ್ದ ಎತ್ತುತ್ತಾ ಹೋಗುತ್ತೇವೆ. ಹಾಗಾಗಿ ನನ್ನದನ್ನು ಇನ್ನೂ ಕೆಳಗೇ ಇಟ್ಟಿದ್ದೇನೆ, ಆ 5 ಚಿಲ್ಲರೆ ಇಂಚಿನ ಸ್ಟ್ಯಾಂಡ್ ಅದಕ್ಕೆ ಸರಿಯಾಗಿ ಕೂತಿದೆ.

ಇಷ್ಟಾದ ಮೇಲೆ ಕುರ್ಚಿ. ಕುಳ್ಳಗಿರುವವರು ಸೀಟಿನ ಉದ್ದ ನೋಡಬೇಕು, ಅಂಗಡಿಯಲ್ಲೇ ಕೂತು ನೋಡಿ. ಬೆನ್ನು ಪೂರ್ತಿ ಹಿಂದಕ್ಕೆ ಆನಿಸಿದಾಗ ಮಂಡಿ ಹಿಂದೆ ಎರಡು ಮೂರು ಬೆರಳು ತೂರಬೇಕು. ತೂರದಿದ್ದರೆ ಆ ಕುರ್ಚಿ ಎಷ್ಟೇ ಚೆನ್ನಾಗಿದ್ದರೂ ನಿಮಗಲ್ಲ, ನೀವು ಮುಂದಕ್ಕೆ ಜಾರಿ ಕೂರುತ್ತೀರಿ, ಬೆನ್ನಿಗೆ ಕೊಟ್ಟಿರುವ ಉಬ್ಬು ಸುಮ್ನೆ ದಂಡ. ಕೈ ಇಡುವ ಹಿಡಿ ಟೇಬಲ್‌ಗೆ ಬಡಿದರೂ ಕಷ್ಟವೇ, ಹತ್ತಿರ ಎಳೆದುಕೊಳ್ಳಲು ಆಗುವುದಿಲ್ಲ. ನಾನು ಆ ಹಿಡಿಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಕಿಟಕಿ ಪಕ್ಕಕ್ಕೆ ಬರುವ ಹಾಗೆ ಟೇಬಲ್ ಇಡಿ. ಬೆನ್ನ ಹಿಂದಿದ್ದರೆ ಸ್ಕ್ರೀನ್ ಮೇಲೆ ಬೆಳಕು ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಇನ್ನು, ಇಷ್ಟೆಲ್ಲ ಅಳೆದು ಮಾಡಿದ ಟೇಬಲ್ ನಮ್ಮ ಯಜಮಾನರಿಗೆ ಆಗುವುದಿಲ್ಲ. ಅವರು 5 ಅಡಿ 11. ಅವರಿಗೆ ಆ ಹಳೇ ಊಟದ ಟೇಬಲ್ಲೇ ಸರಿ.